ಸೆಮಿಸ್ಟರಿನ ಕೊನೆಯ ಪ್ರಾಜೆಕ್ಟ್ ಉಡುಗೊರೆಯಾದದ್ದು

ಮುಂದೆ ಶಿಕ್ಷಕರಾಗಲು ಓದುತ್ತಿರುವವರಿಗೆ ನಾನು ಪಾಠ ಮಾಡುತ್ತೇನೆ. ತರಗತಿಯಲ್ಲಿ ತಂತ್ರಜ್ಞಾನ ಬಳಸುವುದು ಹೇಗೆ ಅನ್ನೋದು ನನ್ನ ವಿಷಯ. ಹಲವು ವರ್ಷ ಸೆಮಿಸ್ಟರಿನ ಕೊನೆಗೆ ಸ್ಲೈಡುಗಳ ಒಂದು ಪಾಠ ಮಾಡಿಕೊಡಿ ಅಂತ ಕೇಳುತ್ತಿದ್ದೆ. ಎಲ್ಲರೂ ಕೊಡುತ್ತಿದ್ದರು. ನಾನು ನೋಡಿ ಅಂಕ ಹಾಕುತ್ತಿದ್ದೆ. ಮರುದಿನದಿಂದ ಆ ಫೈಲನ್ನು ಯಾರೂ ತೆರೆಯುತ್ತಿರಲಿಲ್ಲ. ನಾನೂ ತೆರೆಯುತ್ತಿರಲಿಲ್ಲ. ಅಷ್ಟು ಜನರ ಅಷ್ಟು ದಿನದ ಕೆಲಸ ಹೀಗೆ ಸುಮ್ನೆ ಮುಗಿದುಹೋಗುವುದು ನನಗೆ ತುಂಬಾ ಬೇಸರ ತರುತ್ತಿತ್ತು.

ಅದೇ ಹೊತ್ತಿಗೆ ರಜೆಯೂ ಬರುತ್ತದೆ. ಮನೆಗೆ ಏನಾದರೂ ಕೊಂಡೊಯ್ಯಬೇಕು ಅಂತ ವಿದ್ಯಾರ್ಥಿಗಳಿಗೆ ಆಸೆ. ಆದರೆ ಕೈಯಲ್ಲಿ ದುಡ್ಡೂ ಇರುವುದಿಲ್ಲ, ಹೊತ್ತೂ ಇರುವುದಿಲ್ಲ. ಒಂದು ಸಲ ಧೈರ್ಯ ಮಾಡಿ ಎರಡನ್ನೂ ಸೇರಿಸಿಬಿಟ್ಟೆ. ಪ್ರಾಜೆಕ್ಟನ್ನು ನನಗೆ ಕೊಡಬೇಡಿ, ನಿಮಗೆ ಬೇಕಾದ ಒಬ್ಬರಿಗೆ ಕೊಡಿ ಅಂದೆ. ಅದರಲ್ಲಿ ಚಿಕ್ಕದಾದರೂ ಒಂದು ವಿಷಯ ಕಲಿಯುವಂತಿರಬೇಕು. ಸಾಮಾನು ಆದಷ್ಟು ಮನೆಯಲ್ಲಿ ಇರುವುದೇ ಆಗಬೇಕು. ಮೊದಲ ದಿನವೇ ಒಂದು ಹಾಳೆಯಲ್ಲಿ ಇಷ್ಟು ಬರೆಯಬೇಕು: ಯಾರಿಗೆ, ಅವರ ವಯಸ್ಸೆಷ್ಟು, ಕಣ್ಣು ಚೆನ್ನಾಗಿ ಕಾಣುತ್ತಾ, ಸ್ಮಾರ್ಟ್‌ಫೋನ್ ಬಳಸುತ್ತಾರಾ, ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರಾ.

ಆ ಕೊನೆಯ ಪ್ರಶ್ನೆ ಯಾಕೆ ಅಂತ ಮುಂದೆ ಹೇಳುತ್ತೇನೆ.

ಹೆಚ್ಚಿನವರು ಆರಿಸಿದ್ದು ಬೆಳಕು ಬರುವ ಕಾರ್ಡ್. ದಪ್ಪ ಕಾಗದದ ಮೇಲೆ ಚಿತ್ರ, ಅದರ ಹಿಂದೆ ಒಂದು ಎಲ್‌ಇಡಿ, ಒಂದು ಪುಟ್ಟ ಬ್ಯಾಟರಿ, ನಡುವೆ ತಂತಿಯ ಬದಲು ತಾಮ್ರದ ಟೇಪ್. ಬ್ಯಾಟರಿ ಸಿಆರ್2032. ಅದರ ಅಳತೆ ಹೆಸರಲ್ಲೇ ಇದೆ: 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಕೊಡುವುದು 3 ವೋಲ್ಟ್. ಎಲ್‌ಇಡಿಯ ಎರಡು ತಂತಿ ಕಾಲುಗಳಲ್ಲಿ ಉದ್ದನೆಯದು ಪ್ಲಸ್ ಕಡೆಗೆ ಬರಬೇಕು. ಕಾಲುಗಳ ನಡುವೆ ಬ್ಯಾಟರಿ ಸಿಕ್ಕಿಸಿ ಒತ್ತಿದರೆ ಸಾಕು, ಹತ್ತುತ್ತದೆ. ಕಾಗದದ ಮೇಲೆ ಏನನ್ನೂ ಅಂಟಿಸುವ ಮೊದಲು ಹೀಗೆ ಒಮ್ಮೆ ಹತ್ತಿಸಿ ನೋಡಿ ಅಂತ ಎಲ್ಲರಿಗೂ ಹೇಳಿದ್ದೆ.

ಆದರೂ ಮೊದಲ ದಿನ ಅರ್ಧಕ್ಕರ್ಧ ಕಾರ್ಡುಗಳು ಹತ್ತಲಿಲ್ಲ. ತಪ್ಪು ಟೇಪಿನಲ್ಲಿತ್ತು. ಕೆಲವು ತಾಮ್ರದ ಟೇಪುಗಳ ಹಿಂದಿನ ಅಂಟಿನಲ್ಲಿ ಕರೆಂಟ್ ಹರಿಯುವುದಿಲ್ಲ. ಮೂಲೆ ಬಂದ ಕಡೆ ಟೇಪ್ ಕತ್ತರಿಸಿ, ಇನ್ನೊಂದು ತುಂಡನ್ನು ಅದರ ಮೇಲೆ ಅಂಟಿಸಿದ್ದರು. ನೋಡಲು ಕೂಡಿದಂತೆ ಕಾಣುತ್ತದೆ, ಆದರೆ ನಡುವೆ ಅಂಟು ಕೂತಿರುತ್ತದೆ. ಟೇಪನ್ನು ಕತ್ತರಿಸದೆ ಮೂಲೆಯಲ್ಲಿ ಮಡಚಿ ತಿರುಗಿಸಿದರೆ ಈ ತೊಂದರೆಯೇ ಇಲ್ಲ. ತುಂಡು ಸೇರಿಸಲೇಬೇಕಾದರೆ ಅದರ ತುದಿಯನ್ನು ಒಳಕ್ಕೆ ಮಡಚಿ, ತಾಮ್ರಕ್ಕೆ ತಾಮ್ರವೇ ತಾಗುವಂತೆ ಒತ್ತಬೇಕು.

ತಾಮ್ರದ ಟೇಪ್ ಸಿಗದವರು ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನೇ ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಬಳಸಿದರು. ನನಗೆ ಇದೇ ಜಾಸ್ತಿ ಇಷ್ಟವಾಯಿತು. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಮುಂದೆ ಇವರು ಎಂಥ ಶಾಲೆಗೆ ಹೋದರೂ ಮಕ್ಕಳ ಕೈಯಲ್ಲಿ ಮಾಡಿಸಬಹುದು. ಒಂದೇ ಎಚ್ಚರ: ಎಲ್‌ಇಡಿ ಕಾಲಿಗೂ ಫಾಯಿಲಿಗೂ ನಡುವೆ ಗೋಂದು ಹೋಗಬಾರದು. ಕಾಲನ್ನು ಫಾಯಿಲಿಗೆ ಒತ್ತಿ ಹಿಡಿದು, ಮೇಲಿನಿಂದ ಸಾದಾ ಟೇಪ್ ಹಾಕಬೇಕು.

ಎರಡನೇ ದಿನದ ಗೊಂದಲ ಬಣ್ಣದ್ದು. ಒಬ್ಬಳು ಹೂವಿಗೆ ಕೆಂಪು, ಆಕಾಶಕ್ಕೆ ನೀಲಿ ಎಲ್‌ಇಡಿ ಇಟ್ಟಿದ್ದಳು. ಎರಡಕ್ಕೂ ಒಂದೇ ಬ್ಯಾಟರಿ, ಪಕ್ಕಪಕ್ಕದಲ್ಲಿ ಜೋಡಣೆ. ಕೆಂಪು ಹತ್ತಿತು, ನೀಲಿ ಹತ್ತಲಿಲ್ಲ.

"ಮೇಡಂ, ನೀಲಿ ಸುಟ್ಟುಹೋಗಿದೆ" ಅಂದಳು.

"ಕೆಂಪನ್ನು ತೆಗೆದು ನೋಡು" ಅಂದೆ. ತೆಗೆದಳು. ನೀಲಿ ಬೆಳಗಿತು.

ಇಡೀ ತರಗತಿ ಆ ಮೇಜಿನ ಸುತ್ತ ಬಂದು ನಿಂತಿತು. ಕೆಂಪು ಎಲ್‌ಇಡಿಗೆ ಸುಮಾರು 2 ವೋಲ್ಟ್ ಸಾಕು. ನೀಲಿಗೆ ಸುಮಾರು 3 ಬೇಕು, ಯಾಕಂದರೆ ನೀಲಿ ಬೆಳಕಿನಲ್ಲಿ ಶಕ್ತಿ ಹೆಚ್ಚು. ಎರಡನ್ನೂ ಜೊತೆಗೆ ಇಟ್ಟಾಗ ಕೆಂಪು ಬೇಗ ಹತ್ತಿ, ಈ ಸಣ್ಣ ಬ್ಯಾಟರಿಯ ವೋಲ್ಟೇಜನ್ನು ತನ್ನ ಮಟ್ಟಕ್ಕೆ ಇಳಿಸಿಬಿಡುತ್ತದೆ. ನೀಲಿಗೆ ಬೇಕಾದಷ್ಟು ಉಳಿಯುವುದಿಲ್ಲ. ಚೆನ್ನಾಗಿ ಬೆಳಗುವ ನೀಲಿ ಎಲ್‌ಇಡಿ ಮಾಡುವುದು ವಿಜ್ಞಾನಿಗಳಿಗೂ ಬಹಳ ವರ್ಷ ಕಷ್ಟವೇ ಆಗಿತ್ತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ, ನಕಾಮುರಾ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ನಾವು ಬಳಸುವ ಬಿಳಿ ಎಲ್‌ಇಡಿಗಳಲ್ಲಿ ಹೆಚ್ಚಿನವು ಒಳಗೆ ನೀಲಿಯೇ, ಮೇಲೆ ಹಳದಿ ಬೆಳಕು ಕೊಡುವ ಪುಡಿಯ ಲೇಪ ಇರುತ್ತದೆ. ಇದನ್ನು ಸ್ಲೈಡಿನಲ್ಲಿ ತೋರಿಸಿದ್ದಾಗ ಯಾರೂ ತಲೆ ಎತ್ತಿರಲಿಲ್ಲ. ಅವತ್ತು ಪ್ರಶ್ನೆ ಮೇಲೆ ಪ್ರಶ್ನೆ. ಆಮೇಲೆ ಅವಳು ಎರಡೂ ಕಡೆ ಬಿಳಿ ಎಲ್‌ಇಡಿ ಹಾಕಿ, ಮೇಲೆ ತೆಳು ಬಣ್ಣದ ಕಾಗದ ಅಂಟಿಸಿದಳು. ಮೊದಲಿಗಿಂತ ಚೆನ್ನಾಗಿಯೇ ಬಂತು.

ಈಗ ಚಿಕ್ಕ ಮಕ್ಕಳ ವಿಷಯ. ಈ ಬ್ಯಾಟರಿಯನ್ನು ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ, 2 ಗಂಟೆಯೊಳಗೇ ಒಳಗೆ ಸುಟ್ಟ ಗಾಯವಾಗಬಹುದು. ಬ್ಯಾಟರಿ ಒಡೆದು ಸೋರಬೇಕಾಗಿಯೂ ಇಲ್ಲ. ಒದ್ದೆ ಜಾಗದಲ್ಲಿ ಕರೆಂಟ್ ಹರಿದು ಅಲ್ಲೇ ಕ್ಷಾರ ಹುಟ್ಟುತ್ತದೆ, ಅದು ಸುಡುತ್ತದೆ. ನುಂಗಿರಬಹುದು ಅನ್ನೋ ಅನುಮಾನ ಬಂದರೂ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಹಾಗಾಗಿ ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಈ ಕಾರ್ಡ್ ಬೇಡ ಅಂತ ಕಟ್ಟುನಿಟ್ಟಾಗಿ ಹೇಳಿದೆ. ಇಬ್ಬರು ಬಹಳ ಬೇಡಿಕೊಂಡರು, ಚೆನ್ನಾಗಿ ಅಂಟಿಸುತ್ತೇವೆ ಅಂದರು. ನಾನು ಒಪ್ಪಲಿಲ್ಲ. ಮಕ್ಕಳ ಕೈಗೆ ಕಾಗದದ ಅಂಟು ಯಾವ ಲೆಕ್ಕ? ತರಗತಿಯಲ್ಲೂ ಬ್ಯಾಟರಿಗಳನ್ನು ಎಣಿಸಿ ಕೊಟ್ಟು ಎಣಿಸಿಯೇ ವಾಪಸ್ ತೆಗೆದುಕೊಳ್ಳುತ್ತೇನೆ. ಒಂದರ ಮೇಲೊಂದು ರಾಶಿ ಹಾಕಿಡುವುದಿಲ್ಲ. ಒಂದಕ್ಕೊಂದು ತಾಗಿ ಶಾರ್ಟ್ ಆದರೆ ಬಿಸಿಯಾಗುತ್ತವೆ.

ಆ ಇಬ್ಬರು ಧ್ವನಿ ಇರುವ ಪುಸ್ತಕ ಮಾಡಿದರು. ಹಳೆಯ ರಟ್ಟು, ಉಳಿದ ಹಾಳೆಗಳು, ದಾರದ ಹೊಲಿಗೆ. ಪ್ರತಿ ಪುಟದಲ್ಲಿ ಒಂದು ಪ್ರಾಣಿ, ಕೆಳಗೆ ಕ್ಯೂಆರ್ ಕೋಡ್. ಫೋನ್ ಹಿಡಿದರೆ ಅಕ್ಕನ ಧ್ವನಿಯಲ್ಲಿ ಕಥೆ ಕೇಳುತ್ತದೆ. ರೆಕಾರ್ಡಿಂಗಿಗೆ ಫೋನೇ ಸಾಕಾಯಿತು. ಬಟ್ಟೆ ತುಂಬಿದ ಕಪಾಟಿನ ಬಾಗಿಲು ತೆರೆದು ಅದರ ಮುಂದೆ ಕೂತು ಓದಿದರೆ ಕೋಣೆಯ ಪ್ರತಿಧ್ವನಿ ಬಹಳ ಕಡಿಮೆಯಾಗುತ್ತದೆ.

ಕೋಡಿನ ವಿಷಯದಲ್ಲಿ ನಮಗೆ ಒಂದು ಪೆಟ್ಟು ಬಿತ್ತು. ಒಬ್ಬರು ಕೋಡ್ ಮಾಡಿಸಿಕೊಂಡ ಸೇವೆ ಕೆಲವು ದಿನ ಮಾತ್ರ ಉಚಿತವಾಗಿತ್ತು. ಅವಧಿ ಮುಗಿದ ಮೇಲೆ ಪುಸ್ತಕದ ಎಲ್ಲಾ ಕೋಡುಗಳೂ ಒಟ್ಟಿಗೆ ಸತ್ತವು. ಇಂಥ ಕೋಡಿನೊಳಗೆ ಇರುವುದು ಆ ಸೇವೆಯ ವಿಳಾಸ, ನಮ್ಮ ಫೈಲಿನದಲ್ಲ. ನಮ್ಮ ಫೈಲಿನ ಲಿಂಕನ್ನೇ ನೇರವಾಗಿ ಹೊತ್ತ ಸ್ಥಿರ ಕೋಡಿಗೆ ಅವಧಿ ಅನ್ನೋದೇ ಇಲ್ಲ. ಫೈಲ್ ಅಲ್ಲಿರುವವರೆಗೂ ನಡೆಯುತ್ತದೆ. ಈಗ ಕೋಡನ್ನು ಅಂಟಿಸುವ ಮೊದಲು ಸ್ಕ್ಯಾನ್ ಮಾಡಿ, ಕಾಣುವ ವಿಳಾಸ ಯಾರದು ಅಂತ ಓದಿಸುತ್ತೇನೆ. ಸುತ್ತಲೂ ಕೋಡಿನ 4 ಪುಟ್ಟ ಚೌಕದಷ್ಟು ಬಿಳಿ ಅಂಚನ್ನೂ ಬಿಡಿಸುತ್ತೇನೆ. ಅಂಚಿಗೆ ಹೂಬಳ್ಳಿ ಬರೆದು ಆ ಜಾಗ ತುಂಬಿಸಿದರೆ ಫೋನ್ ಓದಲು ಒದ್ದಾಡುತ್ತದೆ.

ಇಂಟರ್ನೆಟ್ ಇಲ್ಲದ ಮನೆಗೆ ಇನ್ನೊಂದು ದಾರಿ ಇದೆ. ಕೋಡಿನೊಳಗೆ ಲಿಂಕ್ ಬದಲು ಪತ್ರವನ್ನೇ ಇಡಬಹುದು. ಎಲ್ಲಕ್ಕಿಂತ ದೊಡ್ಡ ಕೋಡಿನಲ್ಲಿ 2,953 ಬೈಟ್‌ವರೆಗೆ ಹಿಡಿಯುತ್ತದೆ. ಆದರೆ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು, ಕೊಂಬು, ದೀರ್ಘಗಳಿಗೂ ಸೇರಿ. ಪತ್ರ ಉದ್ದವಾದಷ್ಟೂ ಚೌಕಗಳು ಒತ್ತೊತ್ತಾಗಿ, ಸಣ್ಣ ಕಾರ್ಡಿನ ಮೇಲೆ ಫೋನಿಗೆ ಓದಲಾಗುವುದಿಲ್ಲ. ನಾಲ್ಕೈದು ಸಾಲು ಸರಿಯಾಗುತ್ತದೆ.

ಅಂಕ ಹೇಗೆ ಕೊಡುತ್ತೀರಿ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಅಂದಕ್ಕೆ ನಾನು ಅಂಕ ಇಟ್ಟಿಲ್ಲ. ಉಡುಗೊರೆಯನ್ನು ಪಕ್ಕದ ಗುಂಪಿನ ಒಬ್ಬರ ಕೈಗೆ ಕೊಟ್ಟು ಬಾಯಿಬಿಡದೆ ನೋಡಬೇಕು. ಅವರು ಎಲ್ಲಿ ತಡವರಿಸಿದರು, ಏನನ್ನು ತಪ್ಪಾಗಿ ಒತ್ತಿದರು, ಅದನ್ನು ಬರೆದುಕೊಂಡು ತಿದ್ದಬೇಕು. ಆ ಟಿಪ್ಪಣಿಗೂ ತಿದ್ದುಪಡಿಗೂ ಸೇರಿ ಒಟ್ಟು ಅಂಕದಲ್ಲಿ ಅರ್ಧ. ನನಗೆ ತೋರಿಸುವ ಸ್ಲೈಡುಗಳನ್ನು ಒಬ್ಬರೂ ಎರಡನೇ ಸಲ ತಿದ್ದಿದ್ದು ನಾನು ನೋಡಿರಲಿಲ್ಲ. ಅಜ್ಜಿಗೆ ಕೊಡುವ ಕಾರ್ಡನ್ನು ಒಬ್ಬ ನಾಲ್ಕು ಸಲ ಬಿಚ್ಚಿ ಕಟ್ಟಿದ. ಒತ್ತುವ ಜಾಗ ಅಜ್ಜಿಯ ಬೆರಳಿಗೆ ಚಿಕ್ಕದಾಗುತ್ತದೆ ಅಂತ ಅವನಿಗೆ ಚಿಂತೆ.

ರಜೆ ಮುಗಿಸಿ ಬಂದವನು ಕಾರ್ಡಿನ ಸುದ್ದಿಯನ್ನೇ ಮೊದಲು ಹೇಳಿದ. ಅಜ್ಜಿ ಮಲಗುವ ಮುಂಚೆ ದಿನಾ ಒಮ್ಮೆ ಹತ್ತಿಸುತ್ತಿದ್ದರಂತೆ. ಒಂದು ರಾತ್ರಿ ಆರಿಸಲು ಮರೆತರು, ಬ್ಯಾಟರಿ ಮುಗಿಯಿತು. ಪೂರ್ತಿ ಅಂಟಿಸಿದ್ದರಿಂದ ಕಾಗದ ಹರಿಯದೆ ಅದನ್ನು ಬದಲಿಸಲು ಆಗಲಿಲ್ಲ. ಆ ಸೆಮಿಸ್ಟರಿನಿಂದ ಬ್ಯಾಟರಿಗೆ ಬಿಗಿಯಾದ ಒಂದು ಜೇಬು ಮಾಡಬೇಕು, ಪ್ಲಸ್ ಯಾವ ಕಡೆ ಅಂತ ಅದರ ಮೇಲೆ ದೊಡ್ಡದಾಗಿ ಬರೆಯಬೇಕು ಅನ್ನೋದನ್ನೂ ಸೇರಿಸಿದ್ದೇನೆ. ಅವನು ಅಜ್ಜಿಗೆ ಹೊಸ ಕಾರ್ಡ್ ಮಾಡಲು ಅವತ್ತೇ ಫಾಯಿಲ್ ಕತ್ತರಿಸಲು ಕೂತ.