ಮಕ್ಕಳ ಡಾಕ್ಟರಿಂದ ದೊಡ್ಡವರ ಡಾಕ್ಟರ ಬಳಿಗೆ: ಹದಿಹರೆಯದವರು ಸಿದ್ಧರೇ ಎಂದು ತಿಳಿಯುವುದು ಹೇಗೆ?

ಡಾಕ್ಟರು ಪ್ರಶ್ನೆ ಕೇಳುವುದು ಹದಿನಾರರ ಹುಡುಗನನ್ನು, ಉತ್ತರ ಬರುವುದು ಪಕ್ಕದ ಕುರ್ಚಿಯಿಂದ. ‘ರಾತ್ರಿ ಎಷ್ಟು ಯೂನಿಟ್ ಇನ್ಸುಲಿನ್ ತಗೋತೀಯಪ್ಪಾ?’ ಎಂದರೆ ಅಮ್ಮ ಹೇಳುತ್ತಾರೆ. ಹುಡುಗ ಮೊಬೈಲಿನಿಂದ ಕಣ್ಣೆತ್ತುವುದಿಲ್ಲ. ಟೈಪ್ 1 ಮಧುಮೇಹ, ಮೂರ್ಛೆರೋಗ, ಹುಟ್ಟಿನಿಂದ ಬಂದ ಹೃದಯದ ತೊಂದರೆ, ಥಲಸ್ಸೀಮಿಯಾ ಎಂಬ ರಕ್ತದ ಕಾಯಿಲೆ, ಕಿಡ್ನಿ ಕಸಿ, ಹೀಗೆ ಕಾಯಿಲೆ ಯಾವುದೇ ಇರಲಿ, ಮಕ್ಕಳ ವಿಭಾಗದಲ್ಲಿ ಈ ಏರ್ಪಾಡು ವರ್ಷಗಟ್ಟಲೆ ಸುಸೂತ್ರವಾಗಿ ನಡೆದುಬಿಡುತ್ತದೆ. ತೊಡಕು ಶುರುವಾಗುವುದು ಹದಿನೆಂಟರ ಆಸುಪಾಸಿನಲ್ಲಿ. ದೊಡ್ಡವರ ವಿಭಾಗದಲ್ಲಿ ಮಾತು ನೇರವಾಗಿ ರೋಗಿಯ ಜೊತೆಗೆ. ಫಾಲೋ-ಅಪ್ ತಪ್ಪಿಸಿದರೆ ಫೋನ್ ಮಾಡಿ ಕರೆಯುವವರು ಅಲ್ಲಿ ಕಡಿಮೆ. ಕಸಿ ಮಾಡಿದ ಕಿಡ್ನಿ ಕೈಕೊಡುವ ಅಪಾಯ ಹದಿಹರೆಯದ ಕೊನೆ ಮತ್ತು ಇಪ್ಪತ್ತರ ಆರಂಭದಲ್ಲೇ ಹೆಚ್ಚು. ಮಾತ್ರೆ ತಪ್ಪಿಸುವುದು ಅದಕ್ಕೊಂದು ದೊಡ್ಡ ಕಾರಣ.

ಹಾಗಾಗಿ ‘ವಯಸ್ಸಾಯಿತು, ಕಳಿಸೋಣ’ ಎಂದರೆ ಸಾಲದು. ಸಿದ್ಧತೆಯನ್ನು ಮೊದಲು ಅಳೆಯಬೇಕು, ಕೊರತೆ ಕಂಡಲ್ಲಿ ಕಲಿಸಬೇಕು, ಮತ್ತೆ ಅಳೆಯಬೇಕು. ಡಾಕ್ಟರು, ನರ್ಸು, ಮನೆಯವರು ಸೇರಿ ಮಾಡುವ ಕೆಲಸ ಇದು.

ಹದಿನೇಳಕ್ಕೆ ಕಾಯಬೇಡಿ

ಮಕ್ಕಳ ವಿಭಾಗದಿಂದ ದೊಡ್ಡವರ ವಿಭಾಗಕ್ಕೆ ಸಾಗುವುದಕ್ಕೆ ನೆರವಾಗುವ ಅಮೆರಿಕದ ‘ಗಾಟ್ ಟ್ರಾನ್ಸಿಷನ್’ ಕಾರ್ಯಕ್ರಮ 12ರಿಂದ 14ರ ವಯಸ್ಸಿನಲ್ಲೇ ವಿಷಯ ಎತ್ತಲು ಹೇಳುತ್ತದೆ. ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲೂ ತಯಾರಿ ಆರಂಭಿಸಲು ಸೂಚಿಸಿದ ವಯಸ್ಸು 13–14. ಇಷ್ಟು ಬೇಗ ಏಕೆ ಎಂದು ತಂದೆತಾಯಿಗೆ ಅನ್ನಿಸಬಹುದು. ಹದಿಮೂರರ ಹುಡುಗಿಗೆ ತನ್ನ ಮಾತ್ರೆಯ ಹೆಸರು ಬಾರದಿದ್ದರೆ ಕಲಿಸಲು ನಾಲ್ಕೈದು ವರ್ಷ ಕೈಯಲ್ಲಿರುತ್ತದೆ. ಹದಿನೇಳೂವರೆಯಲ್ಲಿ ಅದು ಗೊತ್ತಾದರೆ ಉಳಿದಿರುವುದು ಎರಡೋ ಮೂರೋ ಭೇಟಿ.

ಮೊದಲ ಸಲ ‘ನಿನ್ನನ್ನು ಬೇರೆ ಕಡೆ ಕಳಿಸುತ್ತೇವೆ’ ಎಂದು ಆರಂಭಿಸಬೇಡಿ, ಮಕ್ಕಳಿಗೆ ಅದು ಹೊರಹಾಕಿದಂತೆ ಕೇಳಿಸುತ್ತದೆ. ‘ಇನ್ನು ಮೇಲೆ ಪ್ರತಿ ಭೇಟಿಯಲ್ಲಿ ಸ್ವಲ್ಪ ಹೊತ್ತು ನಿನ್ನೊಬ್ಬನ ಜೊತೆಗೇ ಮಾತಾಡ್ತೀನಿ’ ಎಂದರೆ ಸಾಕು.

ಪ್ರಶ್ನಾವಳಿ ಬಳಸಿ, ಮೊತ್ತವನ್ನು ನಂಬಬೇಡಿ

ಸಿದ್ಧತೆ ಅಳೆಯಲು ಹೆಚ್ಚು ಬಳಕೆಯಲ್ಲಿರುವ ಪ್ರಶ್ನಾವಳಿಗಳಲ್ಲಿ ‘ಟ್ರ್ಯಾಕ್’ ಒಂದು. 2011ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದಾಗ 29 ಪ್ರಶ್ನೆಗಳಿದ್ದವು. 2014ರ ಪರಿಷ್ಕರಣೆಯಲ್ಲಿ 20ಕ್ಕೆ ಇಳಿದವು. ಔಷಧ ನೋಡಿಕೊಳ್ಳುವುದು, ಅಪಾಯಿಂಟ್‌ಮೆಂಟ್ ನಿಭಾಯಿಸುವುದು, ಆರೋಗ್ಯದ ವಿವರಗಳ ಲೆಕ್ಕ ಇಡುವುದು, ಡಾಕ್ಟರ ಜೊತೆ ಮಾತಾಡುವುದು, ದಿನನಿತ್ಯದ ಕೆಲಸ ಎಂದು ಐದು ಭಾಗ. ಯಾವುದೋ ಒಂದು ಕಾಯಿಲೆಗಷ್ಟೇ ಕಟ್ಟುಬಿದ್ದ ಪ್ರಶ್ನಾವಳಿ ಅಲ್ಲ ಎಂಬುದು ಇದರ ಅನುಕೂಲ. ಬ್ರಿಟನ್ನಿನ ಸೌತಾಂಪ್ಟನ್ ಮಕ್ಕಳ ಆಸ್ಪತ್ರೆಯಲ್ಲಿ ರೂಪುಗೊಂಡ ‘ರೆಡಿ ಸ್ಟೆಡಿ ಗೋ’ ಮೂರು ಹಂತಗಳ ಪ್ರಶ್ನಾವಳಿಯೂ ಇದೇ ಜಾಡಿನದು.

ಟ್ರ್ಯಾಕ್‌ನ ಜಾಣತನ ಇರುವುದು ಉತ್ತರಗಳಲ್ಲಿ. ಬರೀ ಹೌದು–ಅಲ್ಲ ಇಲ್ಲ. ‘ಗೊತ್ತಿಲ್ಲ’, ‘ಗೊತ್ತಿಲ್ಲ ಆದರೆ ಕಲಿಯಬೇಕು’, ‘ಕಲಿಯುತ್ತಿದ್ದೇನೆ’, ‘ಮಾಡಲು ಶುರುಮಾಡಿದ್ದೇನೆ’, ‘ಬೇಕಾದಾಗಲೆಲ್ಲ ನಾನೇ ಮಾಡುತ್ತೇನೆ’ ಎಂಬ ಐದು ಮೆಟ್ಟಿಲು. ಮೊದಲ ಮೆಟ್ಟಿಲಲ್ಲಿರುವವನಿಗೂ ಎರಡನೆಯದರಲ್ಲಿ ಇರುವವನಿಗೂ ಬೇಕಾದ ಸಹಾಯ ಬೇರೆ ಬೇರೆ. ಒಬ್ಬನಿಗೆ ಅದು ತನ್ನ ಕೆಲಸ ಎಂದೇ ಅನ್ನಿಸಿಲ್ಲ, ಇನ್ನೊಬ್ಬನಿಗೆ ದಾರಿ ತೋರಿಸಿದರೆ ಸಾಕು.

ಹಾಳೆಯನ್ನು ಹುಡುಗ ಒಂದು ಮೂಲೆಯಲ್ಲಿ, ಪೋಷಕರು ಇನ್ನೊಂದು ಮೂಲೆಯಲ್ಲಿ ಕೂತು ತುಂಬಲಿ. ಆಮೇಲೆ ಎರಡನ್ನೂ ಪಕ್ಕಪಕ್ಕ ಇಡಿ. ‘ಮಾತ್ರೆ ಮುಗಿಯುವ ಮೊದಲೇ ನಾನೇ ತರಿಸಿಕೊಳ್ಳುತ್ತೇನೆ’ ಎಂದು ಮಗ, ‘ಅವನಿಗೆ ಗೊತ್ತೇ ಇಲ್ಲ’ ಎಂದು ಅಪ್ಪ ಬರೆದಿದ್ದರೆ, ಒಟ್ಟು ಅಂಕಕ್ಕಿಂತ ಆ ಅಂತರ ಹೆಚ್ಚು ಹೇಳುತ್ತದೆ. ಮೊತ್ತದಲ್ಲಿ ಇಂತಿಷ್ಟು ಬಂದರೆ ಪಾಸು ಎಂದು ಎಲ್ಲರೂ ಒಪ್ಪಿದ ಗೆರೆ ಯಾವುದೂ ಇಲ್ಲ. ಡಾಕ್ಟರ ಜೊತೆ ಚೆನ್ನಾಗಿ ಮಾತಾಡುವ ಹುಡುಗಿ ಔಷಧದ ಭಾಗದಲ್ಲಿ ಪೂರ್ತಿ ಹಿಂದಿರಬಹುದು. ಮೊತ್ತ ಅದನ್ನು ಮುಚ್ಚಿಹಾಕುತ್ತದೆ. ಭಾಗ ಭಾಗವಾಗಿಯೇ ಓದಿ.

ಜೊತೆಗೆ ಎರಡು ಸಣ್ಣ ಪ್ರಶ್ನೆ ಇರಲಿ. ನಿನ್ನ ಆರೈಕೆಯನ್ನು ನೀನೇ ನೋಡಿಕೊಳ್ಳುವುದು ನಿನಗೆ ಎಷ್ಟು ಮುಖ್ಯ? ಅದು ಸಾಧ್ಯ ಎಂಬ ಧೈರ್ಯ ಎಷ್ಟಿದೆ? ಎರಡಕ್ಕೂ 0ಯಿಂದ 10ರೊಳಗೆ ಒಂದು ಅಂಕ. ಹುಡುಗ ಧೈರ್ಯಕ್ಕೆ 4 ಎಂದರೆ ‘ಯಾಕೆ ಬರೀ ನಾಲ್ಕು?’ ಎನ್ನಬೇಡಿ. ‘ಎರಡು ಅನ್ನದೆ ನಾಲ್ಕು ಅಂದೆಯಲ್ಲ, ಯಾಕೆ?’ ಎಂದು ಕೇಳಿ. ಆಗ ತನಗೆ ಏನು ಬರುತ್ತದೆ ಎಂಬುದನ್ನು ಅವನೇ ಹೇಳತೊಡಗುತ್ತಾನೆ.

‘ಹೌದು’ ಎಂದರೆ ಮಾಡಿ ತೋರಿಸಲಿ

ಈಜು ಬರುತ್ತದೆಯೇ ಎಂದು ದಡದಲ್ಲಿ ಕೇಳಿದರೆ ‘ಬರುತ್ತೆ’ ಎನ್ನುವವರೇ ಹೆಚ್ಚು. ನನ್ನ ಪ್ರಕಾರ ಇಡೀ ಪರೀಕ್ಷೆಯ ತಿರುಳು ಈ ಹಂತ, ಆದರೆ ಗಡಿಬಿಡಿಯಲ್ಲಿ ಮೊದಲು ಬಿಟ್ಟುಹೋಗುವುದೂ ಇದೇ.

ಮಾತ್ರೆಗಳನ್ನು ಮೇಜಿನ ಮೇಲೆ ಹರಡಿ. ಹೆಸರೇನು, ಯಾತಕ್ಕೆ, ಎಷ್ಟು, ಬಿಟ್ಟರೆ ಏನಾಗುತ್ತದೆ? ‘ಬಿಳಿದು ಬೆಳಿಗ್ಗೆ, ಹಳದಿಯದು ರಾತ್ರಿ’ ಎಂಬ ಉತ್ತರ ಮನೆಯೊಳಗೆ ನಡೆಯುತ್ತದೆ. ಕಂಪನಿ ಬದಲಾಗಿ ಮಾತ್ರೆಯ ಬಣ್ಣ ಬದಲಾದ ದಿನ ನಡೆಯುವುದಿಲ್ಲ.

ಆಮೇಲೆ ಒಂದು ಸನ್ನಿವೇಶ ಕೊಡಿ. ಟೈಪ್ 1 ಮಧುಮೇಹದ ಹುಡುಗಿಗೆ: ‘ಬೆಳಿಗ್ಗೆಯಿಂದ ವಾಂತಿ, ಏನೂ ತಿಂದಿಲ್ಲ, ಮನೆಯಲ್ಲಿ ನೀನೊಬ್ಬಳೇ. ಇನ್ಸುಲಿನ್ ಏನು ಮಾಡ್ತೀಯ?’ ಹಲವರ ಬಾಯಲ್ಲಿ ತಟ್ಟನೆ ಬರುವುದು ‘ತಿಂದಿಲ್ವಲ್ಲ, ಹಾಕಲ್ಲ’. ಕೇಳಲು ಸರಿ ಎನಿಸುವ, ಜೀವಕ್ಕೇ ಕುತ್ತು ತರುವ ಉತ್ತರ ಅದು. ಊಟ ಬಿಟ್ಟರೂ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ ನಿಲ್ಲಿಸುವಂತಿಲ್ಲ. ಇನ್ಸುಲಿನ್ ಇಲ್ಲದೆ ದೇಹ ಕೊಬ್ಬನ್ನು ಕರಗಿಸತೊಡಗುತ್ತದೆ, ಅದರಿಂದ ಹುಟ್ಟುವ ಕೀಟೋನ್ ಎಂಬ ಆಮ್ಲೀಯ ವಸ್ತು ರಕ್ತದಲ್ಲಿ ಏರುತ್ತದೆ, ರಕ್ತವೇ ಆಮ್ಲೀಯವಾಗುವ ಕೀಟೋಅಸಿಡೋಸಿಸ್‌ಗೆ ತಿರುಗುತ್ತದೆ. ಸಕ್ಕರೆ ಮತ್ತು ಕೀಟೋನ್ ಪದೇ ಪದೇ ನೋಡಬೇಕು, ದ್ರವ ಕುಡಿಯಬೇಕು, ಡೋಸ್ ಬಗ್ಗೆ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಬೇಕು, ವಾಂತಿ ನಿಲ್ಲದಿದ್ದರೆ ಅಲ್ಲಿಗೇ ಹೋಗಬೇಕು. ಪ್ರಶ್ನಾವಳಿಯಲ್ಲಿ ‘ಔಷಧ ನಾನೇ ನೋಡಿಕೊಳ್ಳುತ್ತೇನೆ’ಗೆ ಗುರುತು ಹಾಕಿದ ಹುಡುಗಿಯೂ ಇಲ್ಲಿ ಎಡವಬಹುದು.

ಮೂರ್ಛೆರೋಗದವರಿಗೆ ನಿದ್ದೆಗೆಟ್ಟ ರಾತ್ರಿ ಮತ್ತು ತಪ್ಪಿದ ಡೋಸಿನ ಬಗ್ಗೆ ಕೇಳಿ. ಹೃದಯದಲ್ಲಿ ಕೃತಕ ಕವಾಟ ಇರುವವರಿಗೆ ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ಏನು ಹೇಳುತ್ತೀಯ ಎಂದು ಕೇಳಿ. ಸೋಂಕು ಹೃದಯಕ್ಕೆ ತಗಲದಂತೆ ಮೊದಲೇ ಆ್ಯಂಟಿಬಯಾಟಿಕ್ ಬೇಕಾಗುತ್ತದೆ. ತಪ್ಪು ಉತ್ತರ ಬಂದರೆ ಭಾಷಣ ಬೇಡ. ವಿವರಿಸಿ, ‘ಈಗ ನಿನ್ನ ಮಾತಲ್ಲೇ ಹೇಳು’ ಎನ್ನಿ. ಮುಂದಿನ ಭೇಟಿಯಲ್ಲಿ ಮತ್ತೊಮ್ಮೆ ಕೇಳಿ.

ಬಾಗಿಲು ಮುಚ್ಚಿದ ಮೇಲಿನ ಮಾತು

ಪೋಷಕರನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ. ಮೊದಲು ನಿಯಮ ಸ್ಪಷ್ಟಪಡಿಸಿ: ಇಲ್ಲಿನ ಮಾತು ಇಲ್ಲೇ, ಆದರೆ ನಿನ್ನ ಅಥವಾ ಬೇರೆಯವರ ಜೀವಕ್ಕೆ ಅಪಾಯ ಇದ್ದರೆ ಸುಮ್ಮನಿರಲಾಗದು. ಸಿಗರೇಟು, ಮದ್ಯ, ಲೈಂಗಿಕ ಸಂಬಂಧ, ನಿದ್ದೆ, ಮನಸ್ಸಿನ ಸ್ಥಿತಿ, ಎಲ್ಲವನ್ನೂ ನೇರವಾಗಿ ಕೇಳಿ. ಹುಡುಗಿಯರ ವಿಷಯದಲ್ಲಿ ಇದಕ್ಕೆ ಸಂಕೋಚಪಟ್ಟರೆ ಬೆಲೆ ತೆರಬೇಕಾಗುತ್ತದೆ. ಫಿಟ್ಸ್‌ಗೆ ಕೊಡುವ ವಾಲ್ಪ್ರೊಯೇಟ್, ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎರಡೂ ಗರ್ಭದಲ್ಲಿರುವ ಶಿಶುವಿಗೆ ಹಾನಿಕಾರಕ. ಅದನ್ನು ನುಂಗುತ್ತಿರುವವಳಿಗೇ ಗೊತ್ತಿಲ್ಲದಿದ್ದರೆ ಸಿದ್ಧತೆ ಅಪೂರ್ಣ. ಹಾಗೆಂದು ಹೆದರಿ ಮಾತ್ರೆಯನ್ನು ತಾನೇ ನಿಲ್ಲಿಸಬಾರದು ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಿ.

ದೀರ್ಘ ಕಾಯಿಲೆಯ ಮಕ್ಕಳಲ್ಲಿ ಖಿನ್ನತೆ ಅಪರೂಪವಲ್ಲ. ಎಲ್ಲ ಗೊತ್ತಿದ್ದೂ ಏನೂ ಮಾಡದ ಹುಡುಗನನ್ನು ‘ಸೋಮಾರಿ’ ಎನ್ನುವ ಮುಂಚೆ ಇದನ್ನು ಪರೀಕ್ಷಿಸಿ.

ಪೋಷಕರ ಸಿದ್ಧತೆಯನ್ನೂ ನೋಡಿ

ಎಷ್ಟೋ ಸಲ ಮಗ ಸಿದ್ಧ, ಅಮ್ಮ ಸಿದ್ಧರಿಲ್ಲ. ಹದಿನೈದು ವರ್ಷ ಪ್ರತಿ ಡೋಸ್ ಎಣಿಸಿದ ಕೈ ಒಂದೇ ದಿನ ಬಿಡಲಾಗದು, ಬಿಡಲೂಬಾರದು. ಒಂದೊಂದೇ ಕೆಲಸ ದಾಟಿಸಿ: ಮೊದಲು ಮಾತ್ರೆ ಎಷ್ಟು ಉಳಿದಿದೆ ಎಂದು ನೋಡಿಕೊಳ್ಳುವುದು, ಅದು ರೂಢಿಯಾದ ಮೇಲೆ ಅಪಾಯಿಂಟ್‌ಮೆಂಟಿಗೆ ಫೋನ್ ಮಾಡುವುದು, ಆಮೇಲೆ ಡಾಕ್ಟರ ಮುಂದೆ ತನ್ನ ಕಾಯಿಲೆಯ ಕಥೆಯನ್ನು ತಾನೇ ಹೇಳುವುದು. ಕೆಲಸ ಮಗನದು, ಕಣ್ಣು ಅಮ್ಮನದು ಎಂಬ ಕಾಲ ಸಾಕಷ್ಟು ಉದ್ದ ಇರಲಿ. ನಡುವೆ ಒಂದು ತಪ್ಪಾದ ಕೂಡಲೇ ಎಲ್ಲವನ್ನೂ ವಾಪಸ್ ಕಿತ್ತುಕೊಂಡರೆ ಮಗ ಮತ್ತೆ ಮೊಬೈಲಿಗೆ ಮರಳುತ್ತಾನೆ.

ಬೌದ್ಧಿಕ ಬೆಳವಣಿಗೆಯಲ್ಲಿ ಹಿಂದಿರುವವರಿಗೆ ಅಳತೆಗೋಲು ಬೇರೆ. ಯಾವ ಭಾಗ ತಾವೇ ಮಾಡಬಲ್ಲರು, ಯಾವುದಕ್ಕೆ ಜೊತೆ ಬೇಕು, ಹದಿನೆಂಟರ ನಂತರ ಚಿಕಿತ್ಸೆಯ ನಿರ್ಧಾರದಲ್ಲಿ ಕಾನೂನುಬದ್ಧವಾಗಿ ಯಾರು ನೆರವಾಗಬಹುದು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ನೋವು ಎಲ್ಲಿದೆ ಎಂದು ಬೆರಳು ಮಾಡಿ ತೋರಿಸಲು ಕಲಿತದ್ದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ಕಳಿಸುವಾಗ

ಕಾಯಿಲೆ ಉಲ್ಬಣಿಸಿದಾಗ, ಪರೀಕ್ಷೆಯ ಹೊತ್ತಿನಲ್ಲಿ, ಮನೆ ಬಿಟ್ಟು ಹಾಸ್ಟೆಲ್ ಸೇರುವ ತಿಂಗಳಲ್ಲಿ ಕಳಿಸಬೇಡಿ. ರೋಗದ ಇತಿಹಾಸ, ಈಗಿನ ಔಷಧ, ಅಲರ್ಜಿ, ತುರ್ತಿನಲ್ಲಿ ಏನು ಮಾಡಬೇಕು ಎಂಬುದು ಒಂದೆರಡು ಪುಟದಲ್ಲಿ ಇರಲಿ. ಅದರ ಮೊದಲ ಕರಡನ್ನು ಹುಡುಗನೇ ಬರೆಯಲಿ, ಡಾಕ್ಟರು ತಿದ್ದಲಿ. ಸಾಧ್ಯವಾದರೆ ಹೊಸ ಡಾಕ್ಟರನ್ನು ಮೊದಲ ಸಲ ಹಳೆಯ ತಂಡದ ಜೊತೆಯಲ್ಲೇ ಭೇಟಿ ಮಾಡಿಸಿ.

ವಯೋಮಿತಿಯ ನಿಯಮದಿಂದಾಗಿ ಪೂರ್ತಿ ಸಿದ್ಧರಲ್ಲದವರನ್ನೂ ಕಳಿಸಬೇಕಾಗಿ ಬರುತ್ತದೆ. ಆಗ ಪ್ರಶ್ನಾವಳಿಯ ಇತ್ತೀಚಿನ ಹಾಳೆಯನ್ನು ವರ್ಗಾವಣೆ ಪತ್ರದ ಜೊತೆಗೇ ಲಗತ್ತಿಸಿ, ಯಾವ ಕೆಲಸ ಇನ್ನೂ ಬಾರದು ಎಂಬುದು ಹೊಸ ಡಾಕ್ಟರಿಗೆ ಮೊದಲ ದಿನವೇ ತಿಳಿಯಲಿ. ಮಕ್ಕಳ ವಿಭಾಗದ ಕೊನೆಯ ಭೇಟಿಯಾಗಿ 3ರಿಂದ 6 ತಿಂಗಳೊಳಗೆ ಹಳೆಯ ತಂಡ ಒಂದು ಫೋನ್ ಮಾಡಿ, ಹೊಸ ಜಾಗಕ್ಕೆ ಹೋಗಿದ್ದಾಯಿತೇ ಎಂದು ವಿಚಾರಿಸಬೇಕು. ಆ ಫೋನ್ ಅಮ್ಮನ ನಂಬರಿಗಲ್ಲ, ಮಗನ ನಂಬರಿಗೆ.