ಜಪಾನಿಗೆ ನೀವೇ ಹೊರಡಿ: ಮೊದಲು ಮಲಗುವ ಚಾಪೆ, ಆಮೇಲೆ ನೋಡುವ ಜಾಗ

ಜಪಾನ್ ಪ್ರವಾಸಕ್ಕೆ ಪಟ್ಟಿ ಹಾಕಲು ಕುಳಿತವರು ಸಾಮಾನ್ಯವಾಗಿ ನೋಡುವ ಜಾಗಗಳಿಂದ ಶುರುಮಾಡುತ್ತಾರೆ. ಟೋಕಿಯೊ, ಫ್ಯೂಜಿ, ಕ್ಯೋಟೊ, ನಾರಾ, ಒಸಾಕಾ, ಹಿರೋಶಿಮಾ ಎಂದು ಬರೆದು, ಎಂಟು ದಿನಕ್ಕೆ ಹಂಚಿ, ಎಲ್ಲೆಲ್ಲಿ ರಾತ್ರಿಯಾಗುತ್ತದೋ ಅಲ್ಲೊಂದು ರೂಮು ಹುಡುಕುತ್ತಾರೆ. ಟೂರ್ ಕಂಪನಿಯ ನೆರವಿಲ್ಲದೆ ಹೋಗಿ, ಅಲ್ಲಿನ ಹಳೆಯ ಪದ್ಧತಿಯ ವಸತಿಯಲ್ಲಿದ್ದು, ಆ ಜನರ ಊಟ, ಸ್ನಾನ, ನಿದ್ದೆಯ ರೀತಿಯನ್ನು ಅರಿಯಬೇಕು ಅನ್ನುವವರು ಈ ಕ್ರಮವನ್ನು ತಿರುಗಿಸಬೇಕು. ರಾತ್ರಿ ಎಲ್ಲಿ ಎಂಬುದು ಮೊದಲು ತೀರ್ಮಾನವಾಗಲಿ. ಹಗಲಿನ ಸುತ್ತಾಟ ಅದಕ್ಕೆ ಹೊಂದಿಕೊಳ್ಳುತ್ತದೆ.

ಇದನ್ನು ನಾನು ಕಲಿತದ್ದು ಒಂದು ರಾತ್ರಿಯನ್ನು ಕಳೆದುಕೊಂಡ ಮೇಲೆ. ಮೊದಲ ಸಲ ಹೋದಾಗ ಹಗಲೆಲ್ಲ ಅಲೆದು, ಬೆಟ್ಟದ ಮೇಲಿನ ರಿಯೊಕಾನ್ ಎಂಬ ಹಳೆಯ ಪದ್ಧತಿಯ ವಸತಿ ತಲುಪುವ ಹೊತ್ತಿಗೆ ಎಂಟೂವರೆ. ಅಲ್ಲಿ ಊಟದ ಸಮಯ ಆರೂವರೆ. ಮನೆಯೊಡತಿ ಬಾಗಿಲಲ್ಲೇ ಕಾದಿದ್ದರು. ನಮಗೆಂದು ಬಡಿಸಿಟ್ಟಿದ್ದ ಹತ್ತು ಹನ್ನೆರಡು ಪುಟ್ಟ ಬಟ್ಟಲುಗಳು ಅಡುಗೆಮನೆಗೆ ವಾಪಸ್ ಹೋಗಿದ್ದವು. ತಪ್ಪು ನಮ್ಮದು, ತಲೆಬಾಗಿ ಕ್ಷಮೆ ಕೇಳಿದವರು ಅವರು. ಎಲೆ ಹಾಕಿದ ಮೇಲೂ ನೆಂಟರು ಬಾರದಿದ್ದರೆ ನಮ್ಮ ಮನೆಗಳಲ್ಲಿ ಹೇಗನ್ನಿಸುತ್ತದೋ ಹಾಗೇ ಅವರಿಗೂ ಅನ್ನಿಸಿರಬೇಕು. ಇಂಥ ವಸತಿಗಳಲ್ಲಿ ಸಾಮಾನ್ಯವಾಗಿ ಮಧ್ಯಾಹ್ನ ಮೂರಕ್ಕೆ ಕೋಣೆ ಕೊಡುತ್ತಾರೆ. ನಾಲ್ಕರೊಳಗೆ ತಲುಪಿ, ಸ್ನಾನ ಮುಗಿಸಿ ಊಟಕ್ಕೆ ಕುಳಿತರೆ ಕೊಟ್ಟ ದುಡ್ಡು ಸಾರ್ಥಕ.

ಯಾವ ಬಗೆಯ ಮನೆ?

ಮುಖ್ಯವಾಗಿ ಮೂರು ಬಗೆಗಳಿವೆ. ರಿಯೊಕಾನ್ ಎಂದರೆ ಸಾಂಪ್ರದಾಯಿಕ ಅತಿಥಿಗೃಹ. ತಾತಾಮಿ ಎಂಬ ದಪ್ಪ ಹುಲ್ಲುಚಾಪೆಯ ನೆಲ, ಕಾಗದದ ಜಾರುಬಾಗಿಲು, ರಾತ್ರಿ ನೆಲದ ಮೇಲೆ ಹಾಸುವ ಫುತೊನ್ ಹಾಸಿಗೆ, ಬಹಳ ಕಡೆ ಬಿಸಿನೀರ ಬುಗ್ಗೆಯ ಸ್ನಾನ. ಇವುಗಳ ಪರಂಪರೆ ಎಷ್ಟು ಹಳೆಯದೆಂದರೆ, ಯಾಮಾನಾಶಿ ಪ್ರಾಂತ್ಯದ ಕೇಯುನ್‌ಕಾನ್ ಎಂಬ ಮನೆ 705ರಲ್ಲಿ ಶುರುವಾದದ್ದೆಂದು ಗಿನ್ನೆಸ್ ದಾಖಲೆಯಲ್ಲಿದೆ. ಮಿನ್‌ಶುಕು ಎಂದರೆ ಒಂದು ಕುಟುಂಬ ತನ್ನ ಮನೆಯಲ್ಲೇ ನಡೆಸುವ ವಸತಿ. ಬಚ್ಚಲು ಎಲ್ಲರಿಗೂ ಒಂದೇ, ಅಡುಗೆ ಮನೆಯವರದೇ, ಬೆಲೆಯೂ ಕಡಿಮೆ. ಮೂರನೆಯದು ಶುಕುಬೊ, ಬೌದ್ಧ ದೇವಾಲಯದಲ್ಲಿ ಯಾತ್ರಿಕರಿಗೆ ಕೊಡುವ ವಸತಿ.

ಬೆಲೆ ನೋಡುವಾಗ ಒಂದು ಎಚ್ಚರ ಬೇಕು. ಇಲ್ಲಿ ದರ ಕೋಣೆಗಲ್ಲ, ತಲೆಗೆ. ‘ಇಪ್ಪಾಕು ನಿಶೊಕು’ ಎಂದಿದ್ದರೆ ಒಂದು ರಾತ್ರಿ, ಎರಡು ಹೊತ್ತಿನ ಊಟ ಸೇರಿದೆ ಎಂದರ್ಥ. ‘ಸುದೊಮಾರಿ’ ಎಂದಿದ್ದರೆ ಊಟವಿಲ್ಲ, ಮಲಗಲು ಜಾಗ ಮಾತ್ರ. ಊಟ ಸೇರಿ ಮಿನ್‌ಶುಕುವಿಗೆ ತಲೆಗೆ ಸುಮಾರು 10,000 ಯೆನ್, ಮಧ್ಯಮ ದರ್ಜೆಯ ರಿಯೊಕಾನ್‌ಗೆ 20,000 ಯೆನ್ ಆಸುಪಾಸು ಇಟ್ಟುಕೊಳ್ಳಿ. ಎಲ್ಲ ರಾತ್ರಿಯೂ ಹೀಗೆ ಇರಬೇಕಿಲ್ಲ. ಒಂಬತ್ತು ರಾತ್ರಿಯ ಪ್ರವಾಸದಲ್ಲಿ ಮೂರು ಸಾಕು, ಉಳಿದವು ಸಾದಾ ಹೋಟೆಲಿನಲ್ಲಿ ಕಳೆಯಲಿ.

ಮೂರು ರಾತ್ರಿಗೆ ಮೂರು ಊರು

ನನ್ನನ್ನು ಕೇಳಿದರೆ ಮೊದಲ ರಾತ್ರಿ ಕೋಯಾಸಾನ್‌ಗೆ. ವಾಕಾಯಾಮಾ ಪ್ರಾಂತ್ಯದಲ್ಲಿ, ಸುಮಾರು 800 ಮೀಟರ್ ಎತ್ತರದಲ್ಲಿರುವ ಬೆಟ್ಟದ ಊರು. 816ರಲ್ಲಿ ಚಕ್ರವರ್ತಿ ಸಾಗಾ ಇದನ್ನು ಕೂಕಾಯ್ ಎಂಬ ಸನ್ಯಾಸಿಗೆ ಕೊಟ್ಟ. ಈಗಲೂ ಇಲ್ಲಿ ನೂರಕ್ಕೂ ಹೆಚ್ಚು ದೇವಾಲಯಗಳಿವೆ, ಐವತ್ತರಷ್ಟು ದೇವಾಲಯಗಳು ಯಾತ್ರಿಕರಿಗೆ ತಂಗಲು ಜಾಗ ಕೊಡುತ್ತವೆ. ಒಸಾಕಾದ ನಾಂಬಾ ನಿಲ್ದಾಣದಿಂದ ನಾನ್‌ಕಾಯ್ ಕಂಪನಿಯ ರೈಲು ಹತ್ತಿ ಗೊಕುರಾಕುಬಾಶಿಯಲ್ಲಿ ಇಳಿದು, ಅಲ್ಲಿಂದ ಕೇಬಲ್ ಕಾರು, ಮೇಲೆ ಬಸ್ಸು.

ನಮ್ಮವರಿಗೆ ಈ ಊರು ವಿಶೇಷವಾಗಿ ಹತ್ತಿರವಾಗುವುದಕ್ಕೆ ಕಾರಣವಿದೆ. ಬೆಳಿಗ್ಗೆ ಆರರ ಸುಮಾರಿಗೆ ದೇವಾಲಯದ ಪ್ರಾರ್ಥನೆ ಶುರುವಾಗುತ್ತದೆ, ತಂಗಿದವರೂ ಹೋಗಿ ಕೂರಬಹುದು. ಕೆಲವು ದೇವಾಲಯಗಳಲ್ಲಿ ಅದರ ಜೊತೆ ‘ಗೊಮಾ’ ನಡೆಯುತ್ತದೆ. ಗೊಮಾ ಎಂದರೆ ನಮ್ಮ ಹೋಮವೇ, ಹೆಸರೂ ಆ ಸಂಸ್ಕೃತ ಪದದಿಂದಲೇ ಬಂದದ್ದು. ಅರ್ಚಕರು ಕಟ್ಟಿಗೆಯ ತುಂಡುಗಳನ್ನು ಒಂದೊಂದಾಗಿ ಬೆಂಕಿಗೆ ಹಾಕುತ್ತ ಮಂತ್ರ ಹೇಳುತ್ತಾರೆ. ಕಿವಿಗೊಟ್ಟು ಕೇಳಿದರೆ ಮಂತ್ರದ ಕೊನೆಯಲ್ಲಿ ‘ಸೊವಾಕಾ’ ಎಂದು ಬರುತ್ತದೆ. ಅದು ‘ಸ್ವಾಹಾ’. ಭಾರತದಿಂದ ಚೀನಾಕ್ಕೆ, ಅಲ್ಲಿಂದ ಕೂಕಾಯ್ ಜೊತೆ ಹಡಗು ಹತ್ತಿ ಬಂದ ಶಬ್ದ ಸಾವಿರದ ಇನ್ನೂರು ವರ್ಷದಿಂದ ಆ ಬೆಟ್ಟದ ಮೇಲೆ ಉಳಿದಿದೆ. ಅದನ್ನು ಗುರುತಿಸಿದ ಗಳಿಗೆಯಲ್ಲಿ ನನಗೆ ಮೈ ಜುಮ್ಮೆಂದಿತು.

ಊರಿನ ಇನ್ನೊಂದು ತುದಿಯಲ್ಲಿ ಒಕುನೊಇನ್ ಇದೆ. ದೇವದಾರುವಿನಂಥ ಮುಗಿಲೆತ್ತರದ ಮರಗಳ ನಡುವೆ ಎರಡು ಕಿಲೋಮೀಟರ್ ದಾರಿ, ಎರಡೂ ಕಡೆ ಎರಡು ಲಕ್ಷಕ್ಕೂ ಹೆಚ್ಚು ಸಮಾಧಿಗಳು. ಕೂಕಾಯ್ ಇಲ್ಲಿ ಇಂದಿಗೂ ಧ್ಯಾನದಲ್ಲಿದ್ದಾರೆಂದು ನಂಬಿಕೆ, ದಿನಕ್ಕೆ ಎರಡು ಹೊತ್ತು ಅವರಿಗೆ ಊಟ ಒಯ್ಯುತ್ತಾರೆ. ದಾರಿಯಲ್ಲಿ ಐದು ಕಲ್ಲುಗಳನ್ನು ಒಂದರ ಮೇಲೊಂದು ಇಟ್ಟ ಸ್ಮಾರಕಗಳು ಹೆಜ್ಜೆಹೆಜ್ಜೆಗೂ ಕಾಣುತ್ತವೆ. ಕೆಳಗಿನ ಚೌಕ ಭೂಮಿ, ಅದರ ಮೇಲಿನ ಗುಂಡು ನೀರು, ಆಮೇಲೆ ಬೆಂಕಿ, ಗಾಳಿ, ತುದಿಯಲ್ಲಿ ಆಕಾಶ. ಪಂಚಭೂತಗಳು. ಸಂಜೆ ಬೆಳಕಿರುವಾಗಲೇ ಒಮ್ಮೆ ನಡೆದು ಬನ್ನಿ. ರಾತ್ರಿ ಒಂಬತ್ತರ ಹೊತ್ತಿಗೆ ದೇವಾಲಯಗಳ ಬಾಗಿಲು ಮುಚ್ಚುತ್ತಾರೆ.

ಎರಡನೆಯ ರಾತ್ರಿ ಬಿಸಿನೀರಿನ ಊರು. ಕ್ಯೋಟೊದಿಂದ ರೈಲಿನಲ್ಲಿ ಎರಡೂವರೆ ಗಂಟೆ ದೂರದ ಕಿನೊಸಾಕಿಯಲ್ಲಿ ಏಳು ಸಾರ್ವಜನಿಕ ಸ್ನಾನಗೃಹಗಳಿವೆ. ಸಂಜೆ ಯುಕಾತಾ ಎಂಬ ಹತ್ತಿಯ ನಿಲುವಂಗಿ ತೊಟ್ಟು, ಮರದ ಚಪ್ಪಲಿ ಮೆಟ್ಟಿ, ಕಾಲುವೆಯ ಬದಿಯಲ್ಲಿ ಒಂದರಿಂದ ಇನ್ನೊಂದಕ್ಕೆ ನಡೆಯುವುದೇ ಅಲ್ಲಿಯ ಕಾರ್ಯಕ್ರಮ.

ಮೂರನೆಯದು ಕಿಸೊ ಕಣಿವೆ. ಎದೊ ಕಾಲದಲ್ಲಿ (17ರಿಂದ 19ನೇ ಶತಮಾನ) ಇಂದಿನ ಟೋಕಿಯೊದಿಂದ ಕ್ಯೋಟೊಗೆ ಬೆಟ್ಟಗಳ ನಡುವೆ ಹೋಗುತ್ತಿದ್ದ ನಾಕಾಸೆಂದೊ ದಾರಿಯಲ್ಲಿ 69 ತಂಗುದಾಣಗಳಿದ್ದವು. ಅವುಗಳಲ್ಲಿ ಮಾಗೊಮೆ, ತ್ಸುಮಾಗೊ ಎಂಬ ಎರಡು ಊರುಗಳ ನಡುವಿನ ಎಂಟು ಕಿಲೋಮೀಟರನ್ನು ಈಗಲೂ ಕಾಲ್ನಡಿಗೆಯಲ್ಲಿ ಸುಮಾರು ಮೂರು ಗಂಟೆಯಲ್ಲಿ ಮುಗಿಸಬಹುದು. ನಾಗೋಯಾದಿಂದ ನಾಕಾತ್ಸುಗಾವಾಕ್ಕೆ ರೈಲು, ಅಲ್ಲಿಂದ ಮಾಗೊಮೆಗೆ ಬಸ್ಸು. ದಾರಿಯಲ್ಲಿ ಕರಡಿ ಓಡಿಸಲು ಗಂಟೆಗಳನ್ನು ತೂಗಿಬಿಟ್ಟಿದ್ದಾರೆ, ಬಾರಿಸುತ್ತ ಹೋಗಿ. ತ್ಸುಮಾಗೊದ ಮಿನ್‌ಶುಕುವಿನಲ್ಲಿ ಮಲಗಿ.

ಊಟದ ಮಾತು ಮೊದಲೇ

ಸಸ್ಯಾಹಾರಿಗಳು ಇದನ್ನು ಎರಡು ಸಲ ಓದಿ. ಜಪಾನಿನ ಅಡುಗೆಯ ತಳಹದಿ ದಾಶಿ ಎಂಬ ಸಾರು. ಬಹಳಷ್ಟು ಕಡೆ ಅದನ್ನು ಒಣಗಿಸಿದ ಕತ್ಸುಒ ಮೀನಿನಿಂದ ಮಾಡುತ್ತಾರೆ. ಕಣ್ಣಿಗೆ ತರಕಾರಿ ಮಾತ್ರ ಕಂಡರೂ ಒಳಗೆ ಮೀನಿನ ರಸ ಇರುತ್ತದೆ. ‘ನಾನು ಸಸ್ಯಾಹಾರಿ’ ಎಂದಷ್ಟೇ ಹೇಳಿದರೆ ಸಾಲದು. ಮಾಂಸ ಬೇಡ, ಮೀನು ಬೇಡ, ಮೀನಿನ ದಾಶಿಯೂ ಬೇಡ, ಕೊಂಬು ಎಂಬ ಸಮುದ್ರಪಾಚಿಯ ದಾಶಿ ಆಗಬಹುದು ಎಂದು ಬಿಡಿಬಿಡಿಯಾಗಿ ಬುಕಿಂಗ್ ಮಾಡುವಾಗಲೇ ಬರೆಯಿರಿ. ಅದೇ ಮಾತನ್ನು ಜಪಾನಿ ಲಿಪಿಯಲ್ಲಿ ಒಂದು ಚೀಟಿಯಲ್ಲಿ ಮುದ್ರಿಸಿ ಜೇಬಿನಲ್ಲಿಡಿ. ತಲುಪಿದ ಮೇಲೆ ಹೇಳಿದರೆ ಅವರಿಗೆ ಏನೂ ಮಾಡಲಾಗುವುದಿಲ್ಲ, ಸಾಮಾನು ತಂದು ತಯಾರಿ ಆಗಿರುತ್ತದೆ. ಕೆಲವು ಮನೆಗಳವರು ‘ನಮ್ಮಿಂದ ಆಗದು’ ಎಂದು ಉತ್ತರಿಸುತ್ತಾರೆ. ಅದು ಪ್ರಾಮಾಣಿಕ ಉತ್ತರ, ಬೇರೆ ಮನೆ ಹುಡುಕಿ.

ಕೋಯಾಸಾನ್‌ನಲ್ಲಿ ಈ ತೊಂದರೆ ಕಡಿಮೆ. ದೇವಾಲಯದ ಅಡುಗೆ ಶೋಜಿನ್ ರ್ಯೋರಿ. ಮಾಂಸ, ಮೀನು ಇಲ್ಲ, ಸಂಪ್ರದಾಯದಂತೆ ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಎಳ್ಳನ್ನು ನುಣ್ಣಗೆ ಅರೆದು ಕುಜು ಗೆಡ್ಡೆಯ ಹಿಟ್ಟಿನೊಡನೆ ಕಾಯಿಸಿ ಗಟ್ಟಿಮಾಡಿದ ಗೊಮಾ ದೋಫು (ಇಲ್ಲಿ ಗೊಮಾ ಎಂದರೆ ಎಳ್ಳು, ಹೋಮವಲ್ಲ) ಬಾಯಲ್ಲಿಟ್ಟರೆ ಬೆಣ್ಣೆಯಂತೆ ಕರಗುತ್ತದೆ. ಸೋಯಾ ಹಾಲಿನಿಂದ ಮಾಡಿದ ತೋಫುವನ್ನು ಹೆಪ್ಪುಗಟ್ಟಿಸಿ ಒಣಗಿಸಿದ ಕೋಯಾ ದೋಫು ಸ್ಪಂಜಿನಂತೆ ರಸ ಹೀರಿಕೊಂಡಿರುತ್ತದೆ. ಸಂಜೆ ಐದೂವರೆ, ಆರಕ್ಕೇ ಬಡಿಸುತ್ತಾರೆ.

ಕಾಲ, ವೀಸಾ, ಓಡಾಟ

ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದ ಚೆರ್ರಿ ಹೂವಿನ ಕಾಲ, ಏಪ್ರಿಲ್ 29ರಿಂದ ಮೇ 5ರ ರಜಾವಾರ, ಆಗಸ್ಟ್ ನಡುವಿನ ಓಬೊನ್ ಹಬ್ಬ, ಈ ಮೂರರಲ್ಲೂ ಕೋಣೆ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ಮೇ ನಡುವಿನಿಂದ ಜೂನ್ ಆರಂಭದವರೆಗೆ ಅಥವಾ ಅಕ್ಟೋಬರ್ ಕೊನೆಗೆ ಹೊರಡಿ. ನಾಲ್ಕೈದು ತಿಂಗಳು ಮುಂಚೆ ಮನೆ ಗೊತ್ತುಮಾಡಿ. ಅಂತರ್ಜಾಲದಲ್ಲಿ ಸಿಗದ ಮಿನ್‌ಶುಕುಗಳಿಗೆ ಆಯಾ ಊರಿನ ಪ್ರವಾಸಿ ಮಾಹಿತಿ ಕೇಂದ್ರಕ್ಕೆ ಬರೆಯಿರಿ.

ವೀಸಾ ಅರ್ಜಿಯ ಜೊತೆ ದಿನದಿನದ ವೇಳಾಪಟ್ಟಿಯನ್ನೂ ತಂಗುವ ವಿಳಾಸವನ್ನೂ ಕೇಳುತ್ತಾರೆ. ಮೊದಲೇ ಮನೆ ಗೊತ್ತಿದ್ದರೆ ಈ ಕೆಲಸ ಅರ್ಧ ಗಂಟೆಯದು. ವೀಸಾ ಕೈಗೆ ಬರುವ ತನಕ ರದ್ದು ಮಾಡಬಹುದಾದ ಬುಕಿಂಗ್ ಇರಲಿ.

ಒಸಾಕಾದಲ್ಲಿ ಇಳಿದು ಟೋಕಿಯೊದಿಂದ ವಾಪಸ್ ಹಾರುವ ಟಿಕೆಟ್ ಸಿಕ್ಕರೆ ಮೇಲೆ ಹೇಳಿದ ದಾರಿ ಸಲೀಸು. ರೈಲಿಗೆ ಎಲ್ಲರೂ ಜೆಆರ್ ಪಾಸ್, ಅಂದರೆ ಜಪಾನ್ ರೈಲ್ವೆಯ (ಜೆಆರ್) ರೈಲುಗಳಲ್ಲಿ ಓಡಾಡುವ ಪಾಸ್, ತೆಗೆದುಕೊಳ್ಳಿ ಎನ್ನುತ್ತಾರೆ. 2023ರ ಅಕ್ಟೋಬರಿನಲ್ಲಿ ಏಳು ದಿನದ ಪಾಸ್ 29,650 ಯೆನ್‌ನಿಂದ 50,000ಕ್ಕೆ ಏರಿತು. ಈ ದಾರಿಗೆ ಬಿಡಿ ಟಿಕೆಟ್ಟೇ ಅಗ್ಗ, ಕೋಯಾಸಾನ್ ರೈಲಿಗಂತೂ ಆ ಪಾಸ್ ನಡೆಯುವುದೇ ಇಲ್ಲ. ದೊಡ್ಡ ಸೂಟ್‌ಕೇಸನ್ನು ತಕ್ಕ್ಯೂಬಿನ್ ಎಂಬ ಸಾಮಾನು ಸಾಗಣೆ ಸೇವೆಯಲ್ಲಿ ಕ್ಯೋಟೊದ ಹೋಟೆಲಿನಿಂದ ಟೋಕಿಯೊದ ಹೋಟೆಲಿಗೆ ಕಳಿಸಿ, ಕಿಸೊಗೆ ಬೆನ್ನಚೀಲ ಮಾತ್ರ ಒಯ್ಯಿರಿ. ಸಣ್ಣ ಮನೆಗಳಲ್ಲಿ ಕಾರ್ಡ್ ನಡೆಯದು. ಸೆವೆನ್ ಇಲೆವೆನ್ ಅಂಗಡಿಗಳ ಎಟಿಎಂನಲ್ಲಿ ನಮ್ಮ ಅಂತರರಾಷ್ಟ್ರೀಯ ಕಾರ್ಡಿಗೆ ಯೆನ್ ಸಿಗುತ್ತದೆ.

ಹೊಸ್ತಿಲು ದಾಟಿದ ಮೇಲೆ

ಶೂ ಬಾಗಿಲಲ್ಲೇ ಬಿಡಿ. ಮನೆಯೊಳಗಿನ ಓಣಿಗೆ ಒಂದು ಚಪ್ಪಲಿ, ಶೌಚಾಲಯಕ್ಕೆ ಬೇರೆ ಚಪ್ಪಲಿ, ತಾತಾಮಿಯ ಮೇಲೆ ಯಾವುದೂ ಇಲ್ಲ. ಚಾಪೆಯ ಮೇಲೆ ಚಕ್ರದ ಪೆಟ್ಟಿಗೆ ಎಳೆಯಬೇಡಿ, ಎತ್ತಿಕೊಂಡು ಹೋಗಿ. ಗೋಡೆಯಲ್ಲಿ ಚಿತ್ರ ತೂಗಿಸಿ ಹೂವಿಟ್ಟ ಗೂಡಿಗೆ ತೊಕೊನೊಮಾ ಎನ್ನುತ್ತಾರೆ. ಅದು ಬ್ಯಾಗು ಇಡುವ ಜಾಗವಲ್ಲ.

ಯುಕಾತಾದ ಬಲಭಾಗವನ್ನು ಮೊದಲು ಮೈಗೆ ಸುತ್ತಿ, ಎಡಭಾಗ ಅದರ ಮೇಲೆ ಬರಲಿ. ತದ್ವಿರುದ್ಧವಾಗಿ ಸುತ್ತುವುದು ಹೆಣಕ್ಕೆ. ತ್ಸುಮಾಗೊದಲ್ಲಿ ನಾನು ಹಾಗೇ ಸುತ್ತಿಕೊಂಡು ಊಟಕ್ಕೆ ಬಂದಾಗ ಆ ಮನೆಯ ಅಜ್ಜಿ ತಟ್ಟೆ ಕೆಳಗಿಟ್ಟು ಬಂದು, ಒಂದು ಮಾತೂ ಆಡದೆ ನಡುಪಟ್ಟಿ ಬಿಚ್ಚಿ, ಎರಡೂ ಅಂಚು ಅದಲುಬದಲು ಮಾಡಿ, ಬಿಗಿಯಾಗಿ ಕಟ್ಟಿ, ಭುಜ ತಟ್ಟಿ ಹೋದರು.

ಸ್ನಾನದ ತೊಟ್ಟಿ ಮೈ ತೊಳೆಯುವುದಕ್ಕಲ್ಲ. ಹೊರಗೆ ಪುಟ್ಟ ಮಣೆಯ ಮೇಲೆ ಕುಳಿತು ಸೋಪು ಹಚ್ಚಿ, ಪೂರ್ತಿ ತೊಳೆದುಕೊಂಡ ಮೇಲೆ ಬಿಸಿನೀರಿಗೆ ಇಳಿಯಬೇಕು. ಮೈಮೇಲೆ ಬಟ್ಟೆ ಇರುವುದಿಲ್ಲ, ಗಂಡಸರು ಹೆಂಗಸರಿಗೆ ಬೇರೆಬೇರೆ. ಸಂಕೋಚವಾದರೆ ‘ಕಾಶಿಕಿರಿ ಬುರೊ’ ಇದೆಯೇ ಎಂದು ಕೇಳಿ, ಗೊತ್ತಾದ ಹೊತ್ತಿಗೆ ನಿಮಗೊಬ್ಬರಿಗೇ ಬಿಟ್ಟುಕೊಡುವ ಬಚ್ಚಲು ಅದು. ಹಚ್ಚೆ ಇದ್ದವರನ್ನು ಹಲವು ಕಡೆ ಬಿಡುವುದಿಲ್ಲ. ಮಿನ್‌ಶುಕುವಿನಲ್ಲಿ ಸ್ನಾನ ಮುಗಿಸಿ ತೊಟ್ಟಿಯ ನೀರು ಹೊರಬಿಡಬೇಡಿ, ಅದೇ ನೀರಿಗೆ ನಿಮ್ಮ ನಂತರ ಬೇರೆಯವರು ಇಳಿಯುವವರಿದ್ದಾರೆ.

ಟಿಪ್ಸ್ ಕೊಡುವ ರೂಢಿ ಇಲ್ಲ. ಬೆಳಿಗ್ಗೆ ಹತ್ತರೊಳಗೆ ಕೋಣೆ ಬಿಡಬೇಕಾಗುತ್ತದೆ. ಕಿಸೊದಂಥ ಊರುಗಳಲ್ಲಿ ಬಸ್ಸುಗಳು ವಿರಳ. ಹಿಂದಿನ ರಾತ್ರಿಯೇ ಮನೆಯವರನ್ನು ಕೇಳಿ ಸಮಯ ಬರೆದಿಟ್ಟುಕೊಳ್ಳಿ, ಅವರು ತಿಂಡಿಯನ್ನು ಆ ಬಸ್ಸಿಗೆ ಸರಿಯಾಗಿ ಬಡಿಸುತ್ತಾರೆ.