ಎಣ್ಣೆ ಹೋಯ್ತಾ? ನೀರನ್ನೇ ಕೇಳಿ

ಪೀಣ್ಯದಲ್ಲಿ ನನ್ನದೊಂದು ಸಣ್ಣ ಪೌಡರ್ ಕೋಟಿಂಗ್ ಶೆಡ್ ಇದೆ, ಅಂದರೆ ಲೋಹಕ್ಕೆ ಬಣ್ಣದ ಪುಡಿ ಹೊಡೆದು ಓವನ್‌ನಲ್ಲಿ ಕಾಯಿಸಿ ಅಂಟಿಸುವ ಕೆಲಸ. ಹೊಸದರಲ್ಲಿ ಒಂದು ಲಾಟ್ ಕಬ್ಬಿಣದ ಬ್ರಾಕೆಟ್ ಬಂತು, ಮೈತುಂಬ ಕಟಿಂಗ್ ಆಯಿಲ್ (ಲೋಹ ಕತ್ತರಿಸುವಾಗ ಹಾಕುವ ಎಣ್ಣೆ). ಸೀಮೆಎಣ್ಣೆಯಲ್ಲಿ ಒರೆಸಿದೆ, ಫಳಫಳ ಅಂದವು, ಪೌಡರ್ ಹೊಡೆದೆ. ಓವನ್ ತೆಗೆದು ನೋಡಿದರೆ ಸಿಡುಬಿನ ಕಲೆಯ ಹಾಗೆ ಗುಳಿಗಳು! ಸೀಮೆಎಣ್ಣೆಯೂ ಎಣ್ಣೆಯೇ ಅಲ್ವಾ, ಒಣಗಿದ ಮೇಲೂ ತೆಳ್ಳಗೆ ಕೂತಿರುತ್ತದೆ.

ಈಗ ಮಾಡುವುದು ಹೀಗೆ. ದಪ್ಪ ಗ್ರೀಸನ್ನು ಮೊದಲು ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಆಮೇಲೆ ಡಿಗ್ರೀಸರ್ ತೊಟ್ಟಿ, ಅಂದರೆ ಎಣ್ಣೆ ಬಿಡಿಸುವ ರಾಸಾಯನಿಕ ಬೆರೆಸಿದ ನೀರು. ನನ್ನ ತೊಟ್ಟಿ 60ರಿಂದ 70 ಡಿಗ್ರಿ ಬಿಸಿ ಇರುತ್ತದೆ. ಮಾಲು 10ರಿಂದ 15 ನಿಮಿಷ ಮುಳುಗಿರುತ್ತದೆ. ಸುಮ್ನೆ ಬಿಡಬೇಡಿ, ಆಗಾಗ ಅಲ್ಲಾಡಿಸಿ. ಬಟ್ಟಲಿನಂಥ ಪಾರ್ಟನ್ನು ಬೋರಲು ಹಾಕಿದರೆ ಒಳಗೆ ಗಾಳಿ ಸಿಕ್ಕಿಕೊಂಡು ಅಲ್ಲಿಗೆ ನೀರೇ ಮುಟ್ಟುವುದಿಲ್ಲ. ಮೇಲೆತ್ತುವ ಮುಂಚೆ ತೇಲುತ್ತಿರುವ ಎಣ್ಣೆಯನ್ನು ಬಳಿದು ತೆಗೆಯಿರಿ. ಇಲ್ಲದಿದ್ದರೆ ತೊಳೆದ ಪಾರ್ಟು ಅದೇ ಎಣ್ಣೆಯಲ್ಲಿ ಹಾದು ಬರುತ್ತದೆ. ನನ್ನ ಹುಡುಗರಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ.

ಅಲ್ಯೂಮಿನಿಯಂ ಇದ್ದರೆ ಕಾಸ್ಟಿಕ್ ಸೋಡಾ ಇರುವ ತೊಟ್ಟಿಗೆ ಹಾಕಬೇಡಿ. ನೊರೆಯೆದ್ದು ಲೋಹವನ್ನೇ ತಿನ್ನುತ್ತದೆ, ಹೊತ್ತಿಕೊಳ್ಳುವ ಹೈಡ್ರೋಜನ್ ಬೇರೆ ಬರುತ್ತದೆ. ಅದಕ್ಕೆಂದೇ ಸೌಮ್ಯ ಡಿಗ್ರೀಸರ್ ಸಿಗುತ್ತದೆ. ಯಾವುದೇ ಇರಲಿ, ಗ್ಲೌಸು, ಕನ್ನಡಕ ಬೇಕೇ ಬೇಕು.

ನಂತರ ಎರಡು ಸಲ ನೀರು, ಎರಡನೆಯದು ಹೊಸ ನೀರು. ಈಗ ಪರೀಕ್ಷೆ. ಪಾರ್ಟಿನ ಮೇಲೆ ಶುದ್ಧ ನೀರು ಸುರಿದು ಅರ್ಧ ನಿಮಿಷ ನೋಡಿ. ನೀರು ಒಂದೇ ಪದರವಾಗಿ ನಿಂತರೆ ಸರಿ. ಕೆಸುವಿನ ಎಲೆಯ ಮೇಲಿನ ಹಾಗೆ ಹನಿ ಹನಿಯಾದರೆ ಮತ್ತೆ ತೊಟ್ಟಿಗೆ. ಸೋಪಿನಂಶ ಉಳಿದಿದ್ದರೂ ನೀರು ಹರಡಿಕೊಂಡು ಮೋಸ ಮಾಡುತ್ತದೆ, ಅದಕ್ಕೇ ತೊಳೆಯುವುದರಲ್ಲಿ ಜಿಪುಣತನ ಬೇಡ.

ಪಾಸಾದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಕಂಪ್ರೆಸರ್ ಗಾಳಿಯಲ್ಲಿ ಒಣಗಿಸುವವರು ಮೊದಲು ಬಿಳಿ ಕಾಗದದ ಮೇಲೆ ಊದಿ ನೋಡಿ. ಕಲೆ ಬಿದ್ದರೆ ಎಣ್ಣೆ ಅಲ್ಲಿಂದಲೇ ಬರುತ್ತಿದೆ. ಚೂಡಿ (ಸ್ಕ್ರೂ ಕೂರುವ ಸುತ್ತುಗೆರೆ) ಇರುವ ತೂತು, ವೆಲ್ಡಿಂಗ್ ಸಂದುಗಳಿದ್ದರೆ ಪೌಡರ್ ಹೊಡೆಯುವ ಮೊದಲೇ ಒಮ್ಮೆ ಓವನ್‌ನಲ್ಲಿ ಕಾಯಿಸಿ. ಅಡಗಿದ ಎಣ್ಣೆ ಜಿನುಗುತ್ತದೆ. ಜಿನುಗಿದ ಪಾರ್ಟು ತಣ್ಣಗಾದ ಮೇಲೆ ಮತ್ತೆ ತೊಟ್ಟಿಗೇ ಹೋಗಬೇಕು. ಮಳೆಗಾಲದಲ್ಲಂತೂ ಕಬ್ಬಿಣವನ್ನು ರಾತ್ರಿಯಿಡೀ ಹಾಗೇ ಇಡಬೇಡಿ, ಬೆಳಗ್ಗೆ ಬರುವಷ್ಟರಲ್ಲಿ ಕೆಂಪಗಾಗಿರುತ್ತದೆ.